ಹಿಮಪಾತ, ಹಿಮಕುಸಿತ, ಹಿಮಜರಿತ: ಯಾವುದಕ್ಕೆ ಯಾವುದು?

ಬಲ್ಲವರಲ್ಲಿ ಒಂದು ಪ್ರಶ್ನೆ. ಚಳಿಗಾಲದಲ್ಲಿ ಉತ್ತರಾಖಂಡದ ಕಡೆ ಚಾರಣಕ್ಕೆ ಹೊರಟಿರುವ ಗೆಳೆಯರಿಗೆಂದು ಎರಡು ಪುಟದ ಎಚ್ಚರಿಕೆಯ ಟಿಪ್ಪಣಿ ಬರೆಯಲು ಕೂತವನು ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಬೆಟ್ಟದ ಮೇಲಿನ ಹಿಮ ಕಿತ್ತು ಕೆಳಗೆ ನುಗ್ಗಿಬರುವ ಅವಲಾಂಚ್‌ಗೆ ಕನ್ನಡದಲ್ಲಿ ಏನನ್ನೋಣ?

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಹಿಮಪಾತ’. ಶಿಮ್ಲಾದಲ್ಲಿ ಹಿಮ ಸುರಿದು ಪ್ರವಾಸಿಗರು ಕುಣಿದಾಡಿದರೂ ಹಿಮಪಾತ, ಬೆಟ್ಟದ ಹಿಮ ಕಿತ್ತುಬಂದು ಜನ ಸತ್ತರೂ ಹಿಮಪಾತ. ಉಲ್ಕಾಪಾತದಂತೆ ಇದೂ ಮೇಲಿನಿಂದ ಬೀಳುವುದಕ್ಕೇ ಒಪ್ಪುವ ಪದ. ಹಿಂದಿಯವರು ಹಿಮಪಾತ್, ಹಿಮಸ್ಖಲನ್ ಎಂದು ಎರಡನ್ನೂ ಬೇರೆ ಇಟ್ಟುಕೊಂಡಿದ್ದಾರೆ.

ನಮಗೂ ಬೇರೆ ಮಾಡಿಕೊಳ್ಳುವ ಅಗತ್ಯವಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಮಂಜುಗಡ್ಡೆಯ ಗೋಡೆಯೇ ಒಡೆದು ಬಿತ್ತು. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಅದರಡಿ ಜೀವ ಹಿಡಿದಿದ್ದು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೆ ‘ಕುಸಿತ’ ಸರಿಹೋಗುತ್ತದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ಒಂಬತ್ತು ಮಂದಿ ಸತ್ತದ್ದು ಹಿಮಗಾಳಿಯ ಚಳಿಗೆ. ಅಲ್ಲಿ ಬೆಟ್ಟದಿಂದ ಏನೂ ಕಿತ್ತುಬಂದಿರಲಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಓದಿದವನು ಯಾವುದಕ್ಕೆ ಎಚ್ಚರವಾಗಿರಬೇಕು?

ಅವಲಾಂಚ್‌ಗೆ ಸಿಕ್ಕಿ ಸಾಯುವ ಚಾರಣಿಗರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಮೂರನೆಯ ಬಗೆ. ಹಳೆಯ ಹಿಮದಲ್ಲಿ ಒಂದು ಪದರ ರವೆಯಂತೆ ಕಾಳುಕಾಳಾಗಿ, ಒಂದಕ್ಕೊಂದು ಅಂಟದೆ ಉಳಿದಿರುತ್ತದೆ. ಅದರ ಮೇಲೆ ಹೊಸ ಹಿಮ, ಇಲ್ಲವೇ ಗಾಳಿ ಆಚೆ ಬದಿಯಿಂದ ತಂದು ಪೇರಿಸಿದ ಹಿಮ, ಗಟ್ಟಿಯಾಗಿ ಚಪ್ಪಡಿಯಂತೆ ಕೂರುತ್ತದೆ. ಒಬ್ಬ ಕಾಲಿಟ್ಟರೆ ಸಾಕು, ಕೆಳಗಿನ ರವೆ ಪದರ ‘ಧಸಕ್’ ಎಂದು ಕೂತು, ಮೇಲೆ ಬಿರುಕು ಓಡಿ, ಚಪ್ಪಡಿ ಒಟ್ಟಿಗೇ ಜಾರಿಬರುತ್ತದೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದಲ್ಲಿ ಇದು ಹೆಚ್ಚು. ಆ ‘ಧಸಕ್’ ಕೇಳಿಸಿದರೆ ಹಿಂದಿರುಗಬೇಕು ಎಂಬುದೇ ನನ್ನ ಟಿಪ್ಪಣಿಯ ಮುಖ್ಯ ಮಾತು.

ಇದನ್ನು ‘ಕುಸಿತ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗೋಡೆ ಕುಸಿಯುತ್ತದೆ, ಬಾವಿ ಕುಸಿಯುತ್ತದೆ, ಇದ್ದಲ್ಲೇ ಕೆಳಕ್ಕೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ‘ಬರೆ ಜರೀತು’, ‘ಗುಡ್ಡ ಜರೀತು’ ಅನ್ನುತ್ತಾರೆ. ಮೇಲಿನ ಪದರ ಬುಡ ಬಿಟ್ಟು ಇಳಿಜಾರಿನ ಮೇಲೆ ಸರಿದುಬಂದರೆ ಅದು ಜರಿಯುವುದು. ಹಿಮದ ಚಪ್ಪಡಿ ಮಾಡುವುದೂ ಅದನ್ನೇ. ಹಾಗಾಗಿ ‘ಹಿಮಜರಿತ’ ಎಂದು ಬರೆದಿದ್ದೇನೆ. ಸಂಸ್ಕೃತ ಪದಕ್ಕೆ ಕನ್ನಡದ್ದನ್ನು ಜೋಡಿಸಿದ್ದಕ್ಕೆ ಅರಿಸಮಾಸವೆಂದು ಹುಬ್ಬೇರಿಸುವವರು ‘ಹಿಮಕುಸಿತ’ ಬಳಸುವಾಗ ಸುಮ್ಮನಿದ್ದವರೇ, ಇರಲಿ. ‘ಮಂಜು ಜರಿತ’ ಎಂದರೆ ಆ ತೊಡಕಿಲ್ಲ. ಆದರೆ ಮಂಜು ಎಂದರೆ ನಮ್ಮೂರಲ್ಲಿ ಕಾಫಿ ತೋಟದ ಮೇಲಿನ ಬೆಳಗಿನ ಮುಸುಕು. ಅದು ಜರಿದರೆ ಯಾರಿಗೂ ಏನೂ ಆಗುವುದಿಲ್ಲ.

ಇನ್ನೊಂದು ತೊಡಕು. ಯುರೋಪಿನಲ್ಲೂ ಉತ್ತರ ಅಮೆರಿಕದಲ್ಲೂ ಈ ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳುತ್ತಾರೆ. 3ನೆಯದರ ಹೆಸರು ಕನ್ಸಿಡರಬಲ್. ‘ಮಧ್ಯಮ’ ಎಂದರೆ ಪರವಾಗಿಲ್ಲ ಎಂಬ ಧೈರ್ಯ ಬರುತ್ತದೆ, ‘ಗಣನೀಯ’ ಎಂದರೆ ಬ್ಯಾಂಕಿನ ವಾರ್ಷಿಕ ವರದಿ ಓದಿದ ಹಾಗಾಗುತ್ತದೆ. ಬಹಳ ಸಾವು ಆಗುವುದು ಈ 3ನೆಯ ಮಟ್ಟದ ದಿನಗಳಲ್ಲೇ, ಯಾಕೆಂದರೆ 5 ಎಂದ ದಿನ ಯಾರೂ ಹೊರಡುವುದಿಲ್ಲ. ಸದ್ಯಕ್ಕೆ ‘ಮೈಮೇಲೆ ಎಚ್ಚರವಿರಲಿ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.

ಇದಕ್ಕೊಂದು ಒಳ್ಳೆಯ ಪದ ಹೊಳೆದರೆ ತಿಳಿಸಿ. ‘ಜರಿ’ಯನ್ನು ಇಳಿಜಾರಿನ ಜಾರುವಿಕೆಗೆ ಬಯಲುಸೀಮೆಯಲ್ಲೂ ಬಳಸುತ್ತಾರೆಯೇ, ಅಥವಾ ಅಲ್ಲಿ ಅದು ಬರೀ ಬೈಯುವುದೋ?