ಹಿತ್ತಲಲ್ಲಿ ಕೇರೆ ಹಾವು, ಹೊಡೆಯಬೇಕಾ ಬಿಡಬೇಕಾ?

ಪ್ರಶ್ನೆ: ಕಲಬುರಗಿ ಹತ್ತಿರದ ಹಳ್ಳಿ ನಮ್ಮದು. ಹಿತ್ತಲಲ್ಲಿ ಒಟ್ಟಿಟ್ಟ ಶಹಾಬಾದ್ ಕಲ್ಲಿನ ಸಂದಿಯಲ್ಲಿ ಆರಡಿ ಹಾವು ಸೇರಿದೆ, ಕೇರೆ ಅಂತಾರೆ. ಎಮ್ಮೆ ಹಾಲು ಕುಡಿಯುತ್ತೆ ಅಂತ ಪಕ್ಕದ ಮನೆಯವರು ಬಡಿಗೆ ಹಿಡಿದು ನಿಂತಿದ್ದಾರೆ. ಏನು ಮಾಡಲಿ?

ಉತ್ತರ 1: ಹೊಡೆಯಬೇಡಿ ಅಣ್ಣ. ಕೇರೆಗೆ ವಿಷ ಇಲ್ಲ. ಹಾಲಿನ ಕತೆ ಸುಳ್ಳು, ಅದಕ್ಕೆ ಬೇಕಾಗಿರೋದು ಇಲಿ. ನಿಮ್ಮ ತೊಗರಿ ಚೀಲಕ್ಕೆ ಅದೇ ಕಾವಲು.

ಉತ್ತರ 2: ಪಂಚಮಿಗೆ ಹುತ್ತಕ್ಕೆ ಹಾಲೆರೆಯೋರೂ ನಾವೇ, ಮರುದಿನ ಬಡಿಗೆ ಎತ್ತೋರೂ ನಾವೇ, ಅಲ್ವಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇರೆ, ನಾಗರ ಎರಡನ್ನೂ ಕೊಲ್ಲೋದು ಅಪರಾಧ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಉತ್ತರ 3: ಎಲ್ಲ ಸರಿ ರೀ, ಆದರೆ ಅದು ಕೇರೇನೇ ಅಂತ ಗ್ಯಾರಂಟಿನಾ? ಯಾದಗಿರಿ ಕಡೆ ಹೊಲದಲ್ಲಿ ನಮ್ಮಪ್ಪ ಹೆಬ್ಬಾವಿನ ಮರಿ ಅಂದುಕೊಂಡು ಹತ್ತಿರ ಹೋದರು, ಕುಕ್ಕರ್ ಸೀಟಿಯ ಹಾಗೆ ಬುಸುಗುಟ್ಟಿತು, ನೋಡಿದರೆ ಕೊಳಕುಮಂಡಲ. ಪುಣ್ಯ, ಕಚ್ಚಲಿಲ್ಲ. ಕಚ್ಚಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ಮಂತ್ರ ಹಾಕಿಸೋದು ಬೇಡ. ಸೀದಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ದೂರದಿಂದ ಫೋಟೋ ತೆಗೆದು ಹಾವು ಹಿಡಿಯುವವರಿಗೆ ಕಳಿಸಿದೆ. ಕೇರೇನೇ ಅಂತೆ. ಬಡಿಗೆ ಈಗ ಗೋಡೆಗೆ ಒರಗಿದೆ, ಪಕ್ಕದವರು ಮಾತ್ರ ಇನ್ನೂ ಎಮ್ಮೆ ಕಾಯುತ್ತಾ ಕೂತಿದ್ದಾರೆ.