ಹಾರರ್ ರೀಮೇಕ್‌ಗಳು: ಮೂಲ ಮೊದಲೋ, ನಕಲು ಮೊದಲೋ?

ಪ್ರಶ್ನೆ: ಮೂಲ, ರೀಮೇಕ್ ಎರಡೂ ಇರುವ ಹಾರರ್ ಚಿತ್ರಗಳನ್ನು ಜೋಡಿಜೋಡಿಯಾಗಿ ನೋಡಬೇಕೆಂದಿದೆ. ಕತ್ತರಿಸುವುದು, ಕೊಚ್ಚುವುದು ಹಿಡಿಸುವುದಿಲ್ಲ. ನಿಧಾನವಾಗಿ ಏರುವ ಭಯ ಇಷ್ಟ. ಯಾವುದನ್ನು ಮೊದಲು ನೋಡಬೇಕು? ಯಾವುದನ್ನು ಬಿಟ್ಟರೂ ನಡೆಯುತ್ತದೆ? ದಯವಿಟ್ಟು ಯಾರೂ ಕ್ಲೈಮ್ಯಾಕ್ಸ್ ಹೇಳಿಬಿಡಬೇಡಿ.

ಉತ್ತರ 1

"ಯಾವಾಗಲೂ ಮೂಲವೇ ಮೊದಲು" ಅನ್ನುವುದು ಅರ್ಧ ಸತ್ಯ. ಆ ಕಥೆಯ ಭಯ ಗುಟ್ಟಿನಲ್ಲಿದೆಯೋ, ತೋರಿಸುವ ರೀತಿಯಲ್ಲಿದೆಯೋ ನೋಡಿಕೊಳ್ಳಿ. ಗುಟ್ಟಿನಲ್ಲಿದ್ದರೆ ನೀವು ಮೊದಲು ನೋಡಿದ್ದೇ ಹೆದರಿಸುತ್ತದೆ, ಎರಡನೆಯದು ಬರೀ ಹೋಲಿಕೆಗೆ. ಅಂಥ ಕಡೆ ಮೂಲ ಮೊದಲು. ರೀತಿಯಲ್ಲಿದ್ದರೆ ಕ್ರಮಕ್ಕೆ ಅಷ್ಟು ಮಹತ್ವವಿಲ್ಲ.

ಶುರು ಮಾಡಲು 1998ರ ಜಪಾನಿನ 'ರಿಂಗು' (ನಿರ್ದೇಶನ ಹಿದೆಯೊ ನಕಾತಾ) ಮತ್ತು 2002ರ ಅಮೆರಿಕದ 'ದಿ ರಿಂಗ್' (ಗೋರ್ ವರ್ಬಿನ್ಸ್ಕಿ) ಒಳ್ಳೆಯ ಜೋಡಿ. ಎರಡರಲ್ಲೂ ರಕ್ತ ಕಡಿಮೆ. ಕಥೆಯೂ ಒಂದೇ: ಒಂದು ವಿಡಿಯೊ ಕ್ಯಾಸೆಟ್ ನೋಡಿದವರಿಗೆ ಏಳು ದಿನದ ಗಡುವು. ಆದರೆ ಅಮೆರಿಕದ್ದು ಸುಮಾರು 20 ನಿಮಿಷ ಹೆಚ್ಚು ಉದ್ದ. ಆ ಹೆಚ್ಚುವರಿ ಸಮಯದಲ್ಲಿ ಬಹುಪಾಲು ಹೋಗಿರುವುದು ವಿವರಣೆಗೆ. ಮೂಲದಲ್ಲಿ ನಾಯಕಿಯ ಮಾಜಿ ಗಂಡನಿಗೆ ಅತೀಂದ್ರಿಯ ಶಕ್ತಿಯಿದೆ, ಆದ್ದರಿಂದ ಎಷ್ಟೋ ಸಂಗತಿ ಅವನಿಗೆ ತಾನಾಗಿ ಹೊಳೆಯುತ್ತದೆ. ರೀಮೇಕ್‌ನಲ್ಲಿ ಆ ಶಕ್ತಿ ಇಲ್ಲ. ಹಾಗಾಗಿ ಕುದುರೆ ಸಾಕುವ ಮನೆತನ, ಆಸ್ಪತ್ರೆಯ ದಾಖಲೆ ಅಂತ ಒಂದೊಂದೇ ಸುಳಿವು ಕೂಡಿಹಾಕುವ ಪತ್ತೇದಾರಿಕೆ ಬಂದಿದೆ. ಸುಳಿವು ಕೂಡುವ ಸುಖ ಬೇಕಿದ್ದವರಿಗೆ ಅದು ಹಿಡಿಸುತ್ತದೆ. ಆದರೆ ಕಾರಣ ತಿಳಿದಷ್ಟೂ ದೆವ್ವದ ತೂಕ ಇಳಿಯುತ್ತದೆ. ನಿಮ್ಮ ರುಚಿಗೆ ಮೂಲವೇ ಸರಿ. ಜಪಾನಿ ಚಿತ್ರಗಳ ನಡೆ ಅಭ್ಯಾಸವಿಲ್ಲದಿದ್ದರೆ ಮಾತ್ರ ರೀಮೇಕ್‌ನಿಂದ ಶುರುಮಾಡಬಹುದು.

ಉತ್ತರ 2

ಕೊನೆಯ ಆ ಒಂದು ಸಾಲಿಗೆ ನನ್ನ ತಕರಾರಿದೆ. ಈ ಕಥೆಯಲ್ಲಿ ಒಂದು ಸಲ ಮಾತ್ರ ಕೆಲಸ ಮಾಡುವ ದೃಶ್ಯವೊಂದಿದೆ (ನೋಡಿದವರಿಗೆ ಯಾವುದೆಂದು ಗೊತ್ತು). ಅದನ್ನು ಜಪಾನಿನವರ ಕೈಯಲ್ಲೇ ಮೊದಲು ನೋಡಬೇಕು. ಅಲ್ಲಿ ದೆವ್ವದ ನಡಿಗೆ ಅಷ್ಟು ವಿಚಿತ್ರವಾಗಿ ಕಾಣುವುದಕ್ಕೆ ಕಾರಣ ಗ್ರಾಫಿಕ್ಸ್ ಅಲ್ಲ. ನಟಿಯನ್ನು ಹಿಂದು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಆಮೇಲೆ ರೀಲನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. ಮೈಯ ತೂಕ ಬೀಳಬೇಕಾದ ಕಡೆ ಬೀಳುವುದಿಲ್ಲ. ಏನೋ ತಪ್ಪಿದೆ ಎಂದು ಕಣ್ಣಿಗೆ ತಿಳಿಯುತ್ತದೆ, ಏನೆಂದು ಮಾತ್ರ ಹೊಳೆಯುವುದಿಲ್ಲ.

ಇನ್ನು ಒಬ್ಬನೇ ನಿರ್ದೇಶಕ ಎರಡನ್ನೂ ಮಾಡಿದ ಜೋಡಿಗಳು. ಹೋಲಿಸಿ ನೋಡುವವರಿಗೆ ಇವು ಹಬ್ಬ, ಯಾಕೆಂದರೆ ಕೈ ಅದೇ, ಮಾರುಕಟ್ಟೆ ಮಾತ್ರ ಬೇರೆ. ತಕಾಶಿ ಶಿಮಿಜು 2002ರ 'ಜು-ಆನ್' ಮಾಡಿ 2004ರಲ್ಲಿ ತಾನೇ 'ದಿ ಗ್ರಡ್ಜ್' ಮಾಡಿದ. ಮನೆ ಟೋಕಿಯೊದಲ್ಲೇ ಉಳಿಯಿತು, ಪಾತ್ರಗಳು ಅಮೆರಿಕದವರಾದರು. ಮೂಲದಲ್ಲಿ ಒಂದೊಂದು ಪಾತ್ರದ ಹೆಸರಿನಲ್ಲಿ ಒಂದೊಂದು ತುಣುಕು, ಕಾಲಕ್ರಮ ಹಿಂದುಮುಂದು, ಹಿಡಿದು ನಿಲ್ಲಲು ನಾಯಕಿಯೇ ಇಲ್ಲದ ಹಾಗೆ. ರೀಮೇಕ್ ಒಬ್ಬಳನ್ನು ನಡುವೆ ನಿಲ್ಲಿಸಿತು. ಕಥೆ ಸಲೀಸಾಯಿತು, ದಿಕ್ಕು ತಪ್ಪಿಸುವ ಗುಣ ಹೋಯಿತು.

ಜಾರ್ಜ್ ಸ್ಲೌಜರ್ ಕಥೆ ಇನ್ನೂ ಬೇಸರದ್ದು. ಅವನ 1988ರ 'ಸ್ಪೂರ್ಲೋಸ್' ಹಾರರ್‌ಗಿಂತ ಹೆಚ್ಚಾಗಿ ಥ್ರಿಲ್ಲರ್, ರಕ್ತವಿಲ್ಲ, ಆದರೆ ಕೊನೆಯ ಕೆಲವು ನಿಮಿಷ ಎದೆಯ ಮೇಲೆ ಕಲ್ಲಿಟ್ಟಂತೆ. 1993ರಲ್ಲಿ 'ದಿ ವ್ಯಾನಿಶಿಂಗ್' ಎಂದು ಇಂಗ್ಲಿಷಿನಲ್ಲಿ ಅವನೇ ಮಾಡಿದ, ಆ ಕೊನೆಯನ್ನೇ ಬದಲಿಸಿದ. ಮೂಲ ಮೊದಲು, ರೀಮೇಕ್ ಬೇಡವೇ ಬೇಡ ಎನ್ನಬಹುದಾದ ಜೋಡಿ ಇದು. 2022ರ ಡೆನ್ಮಾರ್ಕಿನ 'ಸ್ಪೀಕ್ ನೋ ಇವಿಲ್' ಮತ್ತು ಅದರ 2024ರ ರೀಮೇಕ್‌ನಲ್ಲೂ ಕೊನೆಯೇ ಬೇರೆ. ರೀಮೇಕ್‌ನಲ್ಲಿ ಉಸಿರಾಡಲು ಜಾಗವಿದೆ, ಮೂಲದಲ್ಲಿ ಇಲ್ಲ. ಯಾವುದು ಬೇಕೆಂದು ನಿಮ್ಮ ಮನಸ್ಸಿನ ಸ್ಥಿತಿ ನೋಡಿ ನಿರ್ಧರಿಸಿ.

ಉತ್ತರ 3

ರೀಮೇಕ್ ಎಂದರೆ ಕೀಳು ಎಂದು ಹೇಳುವವರ ಮುಂದೆ ಮೂರು ಹೆಸರು ಇಟ್ಟರೆ ಸಾಕು. ಮೂರೂ ಗೆದ್ದದ್ದು ಬೇರೆಬೇರೆ ಕಾರಣಕ್ಕೆ.

1982ರ 'ದಿ ಥಿಂಗ್'. 1951ರ ಮೊದಲ ಚಿತ್ರದಲ್ಲಿ ಮಂಜಿನಡಿ ಸಿಗುವ ಜೀವಿ ಗಿಡದ ಜಾತಿಯ, ಮನುಷ್ಯಾಕಾರದ ರಾಕ್ಷಸ. ಬಾಗಿಲು ಮುಚ್ಚಿಕೊಂಡರೆ ಹೊರಗೇ ಉಳಿಯುವಂಥದ್ದು. ಜಾನ್ ಕಾರ್ಪೆಂಟರ್ ಆ ಚಿತ್ರವನ್ನು ನಕಲು ಮಾಡಲಿಲ್ಲ, ಎರಡಕ್ಕೂ ಮೂಲವಾದ 1938ರ ಕಿರುಕಾದಂಬರಿಗೆ ವಾಪಸ್ ಹೋದ. ಅಲ್ಲಿ ಜೀವಿ ಯಾರ ರೂಪವನ್ನಾದರೂ ತಾಳಬಲ್ಲದು. ಭಯ ಹೊರಗಿನಿಂದ ಪಕ್ಕದ ಕುರ್ಚಿಗೆ ಬಂತು.

1986ರ 'ದಿ ಫ್ಲೈ'. 1958ರದ್ದರಲ್ಲಿ ವಸ್ತುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ಷಣದಲ್ಲಿ ಸಾಗಿಸುವ ಯಂತ್ರದೊಳಗೆ ವಿಜ್ಞಾನಿಯ ತಲೆ, ತೋಳು ನೊಣದ್ದರ ಜೊತೆ ಒಮ್ಮೆಲೇ ಅದಲುಬದಲಾಗುತ್ತದೆ. ಡೇವಿಡ್ ಕ್ರೋನೆನ್‌ಬರ್ಗ್ ಅದನ್ನು ವಾರಗಟ್ಟಲೆ ನಡೆಯುವ ರೋಗವಾಗಿಸಿದ. ಒಂದೇ ಆಘಾತದ ಜಾಗದಲ್ಲಿ ದಿನದಿನವೂ ಕ್ಷಯಿಸುವುದು. ಮೇಕಪ್‌ಗೆ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ.

ಆದರೆ ಎಚ್ಚರ, ಇವೆರಡೂ ಕರುಳು ಕಿವುಚುವಂಥವು. ಕೇಳಿದವರ ರುಚಿಗೆ ಮೂರನೆಯದೇ ಹೊಂದುತ್ತದೆ: 'ಇನ್ವೇಶನ್ ಆಫ್ ದ ಬಾಡಿ ಸ್ನ್ಯಾಚರ್ಸ್', ಒಬ್ಬೊಬ್ಬರ ಜಾಗಕ್ಕೂ ಅವರಂತೆಯೇ ಕಾಣುವ, ಭಾವನೆಯೇ ಇಲ್ಲದ ನಕಲು ಬಂದು ಕೂರುವ ಕಥೆ. 1956ರದ್ದು (ಡಾನ್ ಸೀಗಲ್) ಕಪ್ಪುಬಿಳುಪು, 80 ನಿಮಿಷ, ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರು. 1978ರದ್ದು (ಫಿಲಿಪ್ ಕೌಫ್‌ಮನ್) ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಸಣ್ಣ ಊರಿನಲ್ಲಿ "ನನ್ನ ಮಾವ ನನ್ನ ಮಾವನಲ್ಲ" ಎಂದರೆ ಜನ ತಿರುಗಿ ನೋಡುತ್ತಾರೆ. ನಗರದಲ್ಲಿ ಪಕ್ಕದವನ ಮುಖ ಕಲ್ಲಾದರೂ ಯಾರಿಗೂ ಗೊತ್ತಾಗುವುದಿಲ್ಲ. ಜಾಗ ಬದಲಿಸಿದ್ದೇ ಭಯವನ್ನು ಹೊಸದಾಗಿಸಿತು. ಇಲ್ಲಿ ಕ್ರಮ ತಪ್ಪಿಸಬೇಡಿ: ಮೂಲದ ನಾಯಕ ಕೆವಿನ್ ಮೆಕಾರ್ಥಿ ರೀಮೇಕ್‌ನಲ್ಲಿ ಸ್ವಲ್ಪ ಹೊತ್ತು ಬರುತ್ತಾನೆ, ಸೀಗಲ್ ಟ್ಯಾಕ್ಸಿ ಚಾಲಕನಾಗಿ ಕಾಣಿಸುತ್ತಾನೆ. 1956ರದ್ದು ನೋಡಿರದಿದ್ದರೆ ಆ ದೃಶ್ಯಗಳ ಚುರುಕು ತಾಗುವುದಿಲ್ಲ. ಇನ್ನೊಂದು ಮಾತು. 1956ರದ್ದರ ಮೊದಲಿಗೂ ಕೊನೆಗೂ ಇರುವ ಆಸ್ಪತ್ರೆಯ ದೃಶ್ಯಗಳು ಸ್ಟುಡಿಯೊದ ಒತ್ತಾಯಕ್ಕೆ ಆಮೇಲೆ ಸೇರಿದ್ದು. ಅವನ್ನು ಮನಸ್ಸಿನಲ್ಲೇ ಕತ್ತರಿಸಿ ನೋಡಿದರೆ ಚಿತ್ರ ಎಷ್ಟು ಕಠಿಣವಾಗಿತ್ತೆಂದು ತಿಳಿಯುತ್ತದೆ.

ಉತ್ತರ 4

ಶಾಟಿಗೆ ಶಾಟ್ ನಕಲು ಮಾಡಿದರೂ ಭಯ ನಕಲಾಗುವುದಿಲ್ಲ ಎಂಬುದಕ್ಕೆ 'ಸೈಕೋ' ಸಾಕ್ಷಿ. 1960ರಲ್ಲಿ ಹಿಚ್‌ಕಾಕ್ ಚಿತ್ರ ಶುರುವಾದ ಮೇಲೆ ಯಾರನ್ನೂ ಥಿಯೇಟರ್ ಒಳಗೆ ಬಿಡಬಾರದೆಂದು ನಿಯಮ ಮಾಡಿಸಿದ. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಹೆಚ್ಚುಕಡಿಮೆ ಅದೇ ಶಾಟ್‌ಗಳನ್ನು, ಅದೇ ಸಂಗೀತವನ್ನು ಇಟ್ಟು ಬಣ್ಣದಲ್ಲಿ ತೆಗೆದ. ಅಷ್ಟರಲ್ಲಿ ಸ್ನಾನದ ಮನೆಯಲ್ಲಿ ಏನಾಗುತ್ತದೆಂದು ಲೋಕಕ್ಕೆಲ್ಲ ಗೊತ್ತಿತ್ತು. ಚಿತ್ರಕಥೆಯಲ್ಲಿದ್ದ ಬೆರಗು ಹೋದ ಮೇಲೆ ಉಳಿದದ್ದು ಅಸ್ಥಿಪಂಜರ. ಸಿನಿಮಾ ಕಲಿಯುವವರು ಅಕ್ಕಪಕ್ಕ ಇಟ್ಟು ನೋಡಬಹುದು, ಉಳಿದವರು ಬಿಡಬಹುದು.

ಇದಕ್ಕೆ ಪೂರ್ತಿ ಎದುರು ತುದಿ 'ಸುಸ್ಪೀರಿಯಾ'. ಡಾರಿಯೊ ಅರ್ಜೆಂಟೊನ 1977ರದ್ದು 98 ನಿಮಿಷ, ಕಣ್ಣು ಕುಕ್ಕುವ ಕೆಂಪು ನೀಲಿ, ಕಿವಿಗಡಚಿಕ್ಕುವ ಸಂಗೀತ, ಹೆಸರಿಗಷ್ಟೇ ಕಥೆ. ಲೂಕಾ ಗ್ವಾಡಗ್ನಿನೊನ 2018ರದ್ದು 152 ನಿಮಿಷ, ಬೂದುಬಣ್ಣ, 1977ರ ಬರ್ಲಿನ್ನಿನ ರಾಜಕೀಯ, ಮೆಲ್ಲನೆ ಕಾಡುವ ಸಂಗೀತ. ಹೆಸರು, ನೃತ್ಯಶಾಲೆ, ಮಾಟಗಾತಿಯರು ಬಿಟ್ಟರೆ ಎರಡಕ್ಕೂ ನಂಟೇ ಇಲ್ಲ ಎನ್ನಬಹುದು. ಯಾವುದನ್ನು ಮೊದಲು ನೋಡಿದರೂ ಇನ್ನೊಂದು ಕೆಡುವುದಿಲ್ಲ. ರಕ್ತ ಆಗದವರಿಗೆ ಎರಡೂ ಕಷ್ಟ. 2018ರದ್ದರಲ್ಲಿ ಕನ್ನಡಿಗಳ ಕೋಣೆಯ ನೃತ್ಯದ ದೃಶ್ಯವೊಂದಿದೆ, ಮೂಳೆ ಮುರಿಯುವ ಸದ್ದು ಸಹಿಸಲಾಗದವರು ಅಲ್ಲಿ ಮ್ಯೂಟ್ ಮಾಡುವುದು ಒಳ್ಳೆಯದು.

ಮತ್ತೆ ಪ್ರಶ್ನೆ ಕೇಳಿದವರು: ಸಬ್‌ಟೈಟಲ್ ಓದುತ್ತಾ ಕೂತರೆ ಭಯವೇ ಆಗುವುದಿಲ್ಲ ಎನ್ನುತ್ತಾರೆ. ಡಬ್ ಆದದ್ದನ್ನು ನೋಡಬಹುದೇ?

ಉತ್ತರ 5

ಬೇಡ. ಹಾರರ್‌ನಲ್ಲಿ ಅರ್ಧ ಕೆಲಸ ಧ್ವನಿಯದು. ಡಬ್ಬಿಂಗ್‌ನಲ್ಲಿ ಮೊದಲು ಸಾಯುವುದು ಪಿಸುಮಾತು, ಉಸಿರು, ಕೋಣೆಯ ಮೌನ. 'ಜು-ಆನ್'ನ ಗಂಟಲ ಕರಕರ ಸದ್ದನ್ನು ನಿರ್ದೇಶಕನೇ ತನ್ನ ಗಂಟಲಿನಿಂದ ಮಾಡಿದ್ದು. ಅಂಥದ್ದಕ್ಕೆ ಬದಲಿ ಎಲ್ಲಿಂದ ತರುವುದು?

ಆದರೆ ಸಬ್‌ಟೈಟಲ್ ಆರಿಸುವಾಗ ಎರಡು ಕಡೆ ಎಡವುತ್ತೇವೆ. ಕಿವಿ ಕೇಳದವರಿಗೆಂದು ಮಾಡಿದ ಸಬ್‌ಟೈಟಲ್‌ನಲ್ಲಿ "ಬಾಗಿಲು ಕಿರುಗುಟ್ಟುತ್ತದೆ", "ಹಿಂದೆ ಹೆಜ್ಜೆ ಸಪ್ಪಳ" ಎಂದು ಸದ್ದು ಬರುವ ಮೊದಲೇ ಬರಹ ಬಂದುಬಿಡುತ್ತದೆ. ಅಗತ್ಯವಿಲ್ಲದವರು ಪಟ್ಟಿಯಲ್ಲಿರುವ ಸಾದಾ ಸಬ್‌ಟೈಟಲ್ ಹಾಕಿಕೊಳ್ಳಿ. ಎರಡನೆಯದು, ಎಲ್ಲ ಅನುವಾದವೂ ಒಂದೇ ಅಲ್ಲ. 2008ರ ಸ್ವೀಡನ್ ಚಿತ್ರ 'ಲೆಟ್ ದ ರೈಟ್ ಒನ್ ಇನ್' ಅಮೆರಿಕದಲ್ಲಿ ಡಿಸ್ಕ್ ಆಗಿ ಬಂದಾಗ ಥಿಯೇಟರಿನಲ್ಲಿದ್ದ ಸಬ್‌ಟೈಟಲ್‌ನ ಬದಲು ಸಪ್ಪೆಯಾದ, ಮೊಟಕು ಮಾಡಿದ ಅನುವಾದ ಇತ್ತು. ಜನ ಗಲಾಟೆ ಮಾಡಿದ ಮೇಲೆ ಥಿಯೇಟರ್ ಸಬ್‌ಟೈಟಲ್ ಇರುವ ಪ್ರತಿಗಳು ಬಂದವು. ಅದರ ಇಂಗ್ಲಿಷ್ ರೂಪ 2010ರ 'ಲೆಟ್ ಮಿ ಇನ್' ಕೂಡ ಕೆಟ್ಟದ್ದಲ್ಲ. ಕಾರಿನೊಳಗಿಂದಲೇ ತೋರಿಸುವ ಅಪಘಾತದ ಶಾಟ್ ಮೂಲದಲ್ಲಿ ಇಲ್ಲದ್ದು, ರೀಮೇಕ್‌ನ ಸ್ವಂತ ಆಸ್ತಿ. ಆದರೂ ಮೂಲದ ಮಂಜು, ದೂರ ನಿಂತ ಕ್ಯಾಮೆರಾ ನಿಮ್ಮ ರುಚಿಗೆ ಹತ್ತಿರ.

ಟಿವಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಎಷ್ಟೋ ಜನ "ಹಳೆಯ ಚಿತ್ರ ಧಾರಾವಾಹಿಯಂತೆ ಕಾಣುತ್ತದೆ" ಎನ್ನುವುದು ಚಿತ್ರದ ತಪ್ಪಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿಯ ಮೋಶನ್ ಸ್ಮೂದಿಂಗ್ ನಡುವೆ ಇಲ್ಲದ ಫ್ರೇಮ್ ತುಂಬಿ ಎಲ್ಲವನ್ನೂ ಜಾರುವಂತೆ ಮಾಡುತ್ತದೆ, ಮುಖಕ್ಕೆ ಹಾಕಿದ ರಬ್ಬರ್ ಎದ್ದು ಕಾಣುತ್ತದೆ. ಅದನ್ನು ಆರಿಸಿ, ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಹಾಕಿ. ಕತ್ತಲೆಯ ದೃಶ್ಯ ಕಾಣಲಿಲ್ಲವೆಂದು ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದಿಯಾಗುತ್ತದೆ, ನೆರಳಿನಲ್ಲಿ ಅಡಗಿದ್ದು ಬೇಗ ಕಂಡುಬಿಡುತ್ತದೆ. ಅದರ ಬದಲು ಕೋಣೆಯ ದೀಪ ಆರಿಸಿ. ಸೌಂಡ್‌ಬಾರಿನಲ್ಲಿ ನೈಟ್ ಮೋಡ್ ಇದ್ದರೆ ಅದೂ ಬೇಡ, ಅದು ಮೆಲುಸದ್ದನ್ನು ಏರಿಸಿ ಜೋರು ಸದ್ದನ್ನು ಇಳಿಸುತ್ತದೆ, ಮೌನಕ್ಕೂ ಚೀರಾಟಕ್ಕೂ ಅಂತರವೇ ಉಳಿಯುವುದಿಲ್ಲ. ರಾತ್ರಿ ಹೊತ್ತು ಮನೆಯವರಿಗೆ ತೊಂದರೆಯಾದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಉತ್ತರ 6

ಎಲ್ಲರೂ ಹೊರದೇಶದ್ದೇ ಹೇಳಿದ್ದೀರಿ. ನಮ್ಮವರಿಗೆ ಹತ್ತಿರದ ಸರಪಳಿ 1993ರ ಮಲಯಾಳದ 'ಮಣಿಚಿತ್ರತಾಳ್' (ಫಾಜಿಲ್). ಅದೇ 2004ರಲ್ಲಿ ಕನ್ನಡದ 'ಆಪ್ತಮಿತ್ರ', 2005ರಲ್ಲಿ ತಮಿಳಿನ 'ಚಂದ್ರಮುಖಿ', 2007ರಲ್ಲಿ ಹಿಂದಿಯ 'ಭೂಲ್ ಭುಲೈಯಾ'. ಹೋಲಿಸುವವರು ಒಂದು ಸೂಕ್ಷ್ಮ ಗಮನಿಸಿ: ಪ್ರತಿ ರೂಪದಲ್ಲೂ ಮನೆಯ ಹೆಂಗಸಿನ ಮೈಮೇಲೆ ಬಂದಂತೆ ಕಾಣುವ ಹಳೆಯ ಕಾಲದ ನರ್ತಕಿಯ ಭಾಷೆ ಮನೆಯವರ ಭಾಷೆಯಲ್ಲ. ಮಲಯಾಳದಲ್ಲಿ ಅವಳದು ತಮಿಳು, ಕನ್ನಡ ಮತ್ತು ತಮಿಳಿನಲ್ಲಿ ತೆಲುಗು, ಹಿಂದಿಯಲ್ಲಿ ಬಂಗಾಳಿ. ಗೊತ್ತಿರುವ ಹೆಂಗಸಿನ ಬಾಯಿಂದ ಬೇರೆ ಭಾಷೆ ಹೊರಟಾಗ ಎದೆ ಝಲ್ಲೆನ್ನುವುದು ಅದಕ್ಕೇ. ಈ ಕೀಲನ್ನು ಯಾವ ರೀಮೇಕೂ ಬಿಡಲಿಲ್ಲ.

ಬದಲಾದದ್ದು ನಾಯಕ. ಮೂಲದಲ್ಲಿ ಮೋಹನ್‌ಲಾಲ್ ಪಾತ್ರ ತೀರ ತಡವಾಗಿ ಬರುತ್ತದೆ, ಅಲ್ಲಿಯವರೆಗೆ ಚಿತ್ರ ಶೋಭನಾ ಪಾತ್ರದ ಮೇಲೆ ನಿಂತಿದೆ. 'ಚಂದ್ರಮುಖಿ'ಯಲ್ಲಿ ರಜನಿಕಾಂತ್ ಹೊಡೆದಾಟದೊಂದಿಗೇ ಪ್ರವೇಶ. ಕಾಪಾಡುವವನು ಮೊದಲೇ ಬಂದು ಕೂತ ಮೇಲೆ ಆತಂಕ ಏರುವುದು ಕಷ್ಟ. 'ಆಪ್ತಮಿತ್ರ'ದಲ್ಲಿ ದೊಡ್ಡ ಹಾವೂ ಬಂದು ಸೇರಿತು. ಮೂಲಕ್ಕೆ ಅದು ಬೇಕಿರಲಿಲ್ಲ, ಏಕೆಂದರೆ ಮೂಲದ ಭಯ ಮನೋರೋಗದ್ದು. ಸೌಂದರ್ಯಾ ಅಭಿನಯ ಮಾತ್ರ ಯಾವ ಹೋಲಿಕೆಗೂ ಹೆದರುವಂಥದ್ದಲ್ಲ. ನಿಧಾನದ ಭಯ ಬೇಕೆಂದರೆ ಮಲಯಾಳದ್ದನ್ನು ಮೊದಲು ನೋಡಿ.

ಉತ್ತರ 7

ಬಿಟ್ಟುಹೋದ ಸಣ್ಣಪುಟ್ಟ ವಿಷಯ. ಒಂದೇ ಹೆಸರಿನವು ಇಷ್ಟಿರುವುದರಿಂದ ಹುಡುಕುವಾಗ ಇಸವಿ ಸೇರಿಸಿ. 'ದಿ ಥಿಂಗ್' ಎಂದಷ್ಟೇ ಹಾಕಿದರೆ 2011ರದ್ದೂ ಬರುತ್ತದೆ. ಅದು ರೀಮೇಕ್ ಅಲ್ಲ, 1982ರದ್ದಕ್ಕೆ ಮುಂಚಿನ ಕಥೆ. ಕೈಯಲ್ಲಿ ಮಾಡಿದ ಪ್ರಾಣಿಗಳ ಮೇಲೆ ಗ್ರಾಫಿಕ್ಸ್ ಬಳಿದು ಕೆಡಿಸಿದರು.

ಟ್ರೇಲರ್ ನೋಡಬೇಡಿ. 2007ರ ಸ್ಪೇನ್ ಚಿತ್ರ 'ರೆಕ್' 78 ನಿಮಿಷ, ಒಂದೇ ಕಟ್ಟಡ, ಒಂದೇ ಕ್ಯಾಮೆರಾ. ಅದರ ರೀಮೇಕ್ 2008ರ 'ಕ್ವಾರಂಟೈನ್'ನ ಪ್ರಚಾರಕ್ಕೆ ಚಿತ್ರದ ಕಟ್ಟಕಡೆಯ ಶಾಟನ್ನೇ ಬಳಸಿದ್ದರು. ಪೋಸ್ಟರ್ ಕಂಡವರಿಗೂ ಮೂಲದ ಕೊನೆ ಅರ್ಧ ಹಾಳು.

ಜೋಡಿಯನ್ನು ಒಂದೇ ರಾತ್ರಿ ಮುಗಿಸಬೇಡಿ, ನಡುವೆ ಒಂದು ವಾರವಾದರೂ ಇರಲಿ. ಬೆನ್ನುಬೆನ್ನಿಗೆ ನೋಡಿದರೆ ವ್ಯತ್ಯಾಸ ಎಣಿಸುವುದೇ ಕೆಲಸವಾಗುತ್ತದೆ.

1922ರ 'ನೊಸ್ಫೆರಾಟು'ವನ್ನು 1979ರ ಹೆರ್ಜೋಗ್, 2024ರ ಎಗ್ಗರ್ಸ್ ರೂಪಗಳ ಜೊತೆ ನೋಡುವುದಾದರೆ ಬಣ್ಣ ಹಚ್ಚಿದ ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ. ಆಗ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು ಆ ಭಾಗದ ಫಿಲ್ಮಿಗೆ ನೀಲಿ ಹಚ್ಚುತ್ತಿದ್ದರು. ನೀಲಿ ಇಲ್ಲದ ಬರೀ ಕಪ್ಪುಬಿಳುಪು ಪ್ರತಿಯಲ್ಲಿ, ಸೂರ್ಯನ ಬೆಳಕಿಗೆ ಸಾಯಬೇಕಾದ ರಕ್ತಪಿಶಾಚಿ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತು ಊರೊಳಗೆ ಓಡಾಡುತ್ತಿರುತ್ತಾನೆ.