ಅಪ್‌ಡೇಟ್: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಿ ಕೆಲಸಕ್ಕೆ ಸೇರಿದೆ

ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಮುಗಿದ ಮೇಲೆ ಕಟ್ಟಡ ವಿನ್ಯಾಸದ ಆಫೀಸಿನಲ್ಲೇ ಇರಲಾ, ಲ್ಯಾಂಡ್‌ಸ್ಕೇಪ್‌ನಲ್ಲಿ, ಅಂದರೆ ಕಟ್ಟಡದ ಸುತ್ತಲಿನ ಹೊರಜಾಗದ ವಿನ್ಯಾಸದಲ್ಲಿ, ಮಾಸ್ಟರ್ಸ್ ಮಾಡಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. 'ತೋಟದ ಕೆಲಸಕ್ಕೆ ಇಷ್ಟು ಓದಬೇಕಾ? ಹೆಣ್ಣುಮಗಳು ಬಿಸಿಲಲ್ಲಿ ಸೈಟ್ ಸುತ್ತಬೇಕಾ?' ಅಂತ ಮನೆಯಲ್ಲಿ ಬೇಸರ ಇತ್ತು. ಧೈರ್ಯ ತುಂಬಿದ ಎಲ್ಲರಿಗೂ ಥ್ಯಾಂಕ್ಸ್.

ಮಾಸ್ಟರ್ಸ್ ಸೇರುವುದಕ್ಕೆ ಗೇಟ್ ಪ್ರವೇಶ ಪರೀಕ್ಷೆ ಬರೆದೆ. ಭೋಪಾಲ್‌ನ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಸೀಟು ಸಿಕ್ಕಿತು. 2 ವರ್ಷದ ಕೋರ್ಸ್ ಮುಗಿಸಿ ಈಗ ಬೆಂಗಳೂರಿನ ಒಂದು ಚಿಕ್ಕ ಆಫೀಸಿನಲ್ಲಿದ್ದೇನೆ. ಶುರುವಿನ ಸಂಬಳ ಜಾಸ್ತಿ ಏನಿಲ್ಲ, ಆದರೆ ಕೆಲಸ ತುಂಬಾ ಇಷ್ಟವಾಗಿದೆ.

ಗಿಡ ಆರಿಸುವುದು ಇದರಲ್ಲಿ ಒಂದು ಭಾಗ ಅಷ್ಟೇ. ಮೊದಲು ನೆಲದ ಇಳಿಜಾರು ನೋಡಬೇಕು. ಮಳೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಇಂಗಬೇಕು, ಉಳಿದದ್ದು ಯಾವ ಕಡೆ ಹರಿಯಬೇಕು ಅಂತ ಡ್ರಾಯಿಂಗ್‌ನಲ್ಲೇ ತೀರ್ಮಾನ ಆಗಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ ಕೆಳಗಡೆ ಪಾರ್ಕಿಂಗ್ ಇರುತ್ತದೆ, ಮೇಲೆ ಸ್ಲ್ಯಾಬ್. ಅದರ ಮೇಲೆ ಒಂದಡಿ ಮಣ್ಣು ಹಾಕಿದರೆ ಹುಲ್ಲು ಬರುತ್ತದೆ, ಹೊಂಗೆ ಮರ ಬೆಳೆಯಲ್ಲ. ಮರ ಬೇಕಿದ್ದರೆ ಆಳವಾದ ಮಣ್ಣು ಬೇಕು. ಒದ್ದೆ ಮಣ್ಣು ಒಂದು ಘನ ಮೀಟರ್‌ಗೆ ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದಕ್ಕೇ ಕಟ್ಟಡ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಮೊದಲೇ ಕೂರಬೇಕು. ಕಟ್ಟಡ ಎದ್ದ ಮೇಲೆ ನಮ್ಮನ್ನು ಕರೆದರೆ ಸುಮ್ನೆ ಕುಂಡ ಜೋಡಿಸಬೇಕಾಗುತ್ತದೆ, ಇದು ನನಗೆ ನಿಜವಾಗಲೂ ನೋವಾಗುವ ವಿಷಯ.

ಸೈಟ್‌ಗೆ ಹೋಗುತ್ತೇನೆ, ಬಿಸಿಲಲ್ಲೇ. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲದ ಸೈಟ್‌ಗಳು ಇನ್ನೂ ಇವೆ, ಅದನ್ನು ಮೊದಲೇ ಕೇಳಿಕೊಳ್ಳಿ. ಈ ಕೋರ್ಸ್ ಸೇರುವವರು ಕಾಂಟೂರ್ (ನೆಲದ ಏರಿಳಿತ ತೋರಿಸುವ ನಕ್ಷೆಯ ಗೆರೆಗಳು) ಓದುವುದನ್ನು ಈಗಲೇ ಕಲಿಯಿರಿ. ನರ್ಸರಿಗೆ ಹೋಗಿ ಮಾಲಿಗಳ ಹತ್ತಿರ ಮಾತಾಡಿ, ಬೇರು ನೋಡುವುದನ್ನು ಅವರೇ ಚೆನ್ನಾಗಿ ಹೇಳಿಕೊಡುತ್ತಾರೆ.